ಶಿಕ್ಷಕರಿಗೆ ಡೇಟಾ ತರಬೇತಿ ಕೊಡುವವರಿಗೆ: ಉತ್ತರ ಪತ್ರಿಕೆಯಿಂದ ಶುರು ಮಾಡಿ

ನಾನು ಬೆಂಗಳೂರಿನ ಪೀಣ್ಯ ಕಡೆಯ ಒಂದು ಕ್ಲಸ್ಟರ್‌ನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪು) ಸಿಆರ್‌ಪಿ, ಅಂದರೆ ಅಲ್ಲಿನ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ. ತಿಂಗಳಿಗೊಮ್ಮೆ ಶಿಕ್ಷಕರ ಸಮಾಲೋಚನಾ ಸಭೆ ನಡೆಸುತ್ತೇನೆ. ಸಭೆಯಲ್ಲಿ ಡೇಟಾ ಅಂದ ತಕ್ಷಣ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಮಕ್ಕಳ ವಿವರ ತುಂಬುವ ಇಲಾಖೆಯ ತಂತ್ರಾಂಶ ಸ್ಯಾಟ್ಸ್‌ನಲ್ಲಿ ಏನೋ ಬಾಕಿ ಇರಬೇಕು ಅಂದುಕೊಳ್ಳುತ್ತಾರೆ. ಹಾಜರಾತಿ, ಎಫ್‌ಎ (ರೂಪಣಾತ್ಮಕ), ಎಸ್‌ಎ (ಸಂಕಲನಾತ್ಮಕ) ಪರೀಕ್ಷೆಗಳ ಅಂಕ, ಶಾಲೆಯ ಅಂಕಿಅಂಶದ ಯುಡೈಸ್, ಎಲ್ಲ ತುಂಬಿ ತುಂಬಿ ಅವರ ಕೈ ಪಳಗಿದೆ. ತುಂಬಿದ್ದರಲ್ಲಿ ತಮ್ಮ ತರಗತಿಗೆ ಏನು ಸಿಗುತ್ತದೆ ಅಂತ ಕೂತು ನೋಡುವ ಅವಕಾಶವೇ ಅವರಿಗೆ ಸಿಕ್ಕಿಲ್ಲ. ಸಿಆರ್‌ಪಿಗಳು, ಮುಖ್ಯಶಿಕ್ಷಕರು ಆ ಅವಕಾಶ ಮಾಡಿಕೊಡಬೇಕು. ಅರ್ಧ ದಿನ ಸಾಕು.

ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ತರಗತಿಯ, ಒಂದು ವಿಷಯದ ತಿದ್ದಿದ ಉತ್ತರ ಪತ್ರಿಕೆಗಳ ಕಟ್ಟು ತರಲಿ. ಜೊತೆಗೆ ಹಾಜರಿ ಪುಸ್ತಕ, ಚೌಕುಳಿ ಹಾಳೆ, ಪೆನ್ಸಿಲ್. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬೇಡ. ದೊಡ್ಡ ಸಮೀಕ್ಷೆಗಳ ವರದಿಯನ್ನೂ ಮೊದಲ ದಿನ ತೆರೆಯಬೇಡಿ. 2024ರ ಡಿಸೆಂಬರ್‌ನಲ್ಲಿ ನಡೆದ ಪರಖ್ ಎಂಬ ರಾಷ್ಟ್ರೀಯ ಕಲಿಕಾ ಸಮೀಕ್ಷೆ 3, 6, 9ನೇ ತರಗತಿಯ ಮಕ್ಕಳದ್ದು, ಅದೂ ಆಯ್ದ ಶಾಲೆಗಳಲ್ಲಿ. ಅಸರ್ ಗ್ರಾಮೀಣ ಭಾರತದ ಮಕ್ಕಳ ಕಲಿಕೆಯ ಸಮೀಕ್ಷೆ. ಇಡೀ ರಾಜ್ಯ, ಜಿಲ್ಲೆ ಹೇಗಿದೆ ಅಂತ ತಿಳಿಯಲು ಇಂಥವು ಬೇಕು. ಆದರೆ ಲಗ್ಗೆರೆಯ ಐದನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿಗೆ ಕಳೆಯುವ ಲೆಕ್ಕ ಬರುತ್ತದಾ ಅಂತ ಇವು ಯಾವುವೂ ಹೇಳಲಾರವು. ಯಾವ ಪ್ರಶ್ನೆಗೆ ಯಾವ ಅಂಕಿ ಉತ್ತರ ಕೊಡುತ್ತದೆ ಅನ್ನೋದು ಶಿಕ್ಷಕರಿಗೆ ಮೊದಲು ಗೊತ್ತಾಗಬೇಕು.

ಈಗ ಕೋಷ್ಟಕ. ಎಡಗಡೆ ಮಕ್ಕಳ ಕ್ರಮಸಂಖ್ಯೆ, ಮೇಲೆ ಪ್ರಶ್ನೆಗಳ ಸಂಖ್ಯೆ. ಸರಿ ಇದ್ದರೆ ಗೀಟು, ತಪ್ಪಾಗಿದ್ದರೆ ಕತ್ತರಿ ಗುರುತು, ಏನೂ ಬರೆಯದೆ ಬಿಟ್ಟಿದ್ದರೆ ಸೊನ್ನೆ. ತಪ್ಪು ಬರೆದ ಮಗು, ಬಿಟ್ಟ ಮಗು ಇಬ್ಬರೂ ಒಂದೇ ಅಲ್ಲ, ಹಾಗಾಗಿ ಈ ಮೂರು ಗುರುತೂ ಬೇಕು. ಒಟ್ಟು ಅಂಕ ಬರೆಯಲು ಬಿಡಬೇಡಿ. ಒಟ್ಟು ಕಂಡರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಗ್ರೇಡ್ ಅಂತೂ ಇನ್ನೂ ಜಾಸ್ತಿ ಮುಚ್ಚಿಡುತ್ತದೆ. ನೂರಕ್ಕೆ 50 ತೆಗೆದವನೂ ಬಿ ಪ್ಲಸ್, 69 ತೆಗೆದವಳೂ ಬಿ ಪ್ಲಸ್ ಅಲ್ವಾ?

ತುಂಬಿದ ಮೇಲೆ ಮೊದಲು ಮೇಲಿಂದ ಕೆಳಗೆ ಓದಿಸಿ. ಒಂದು ಪ್ರಶ್ನೆಯಲ್ಲಿ ತರಗತಿಯ ಬಹುಪಾಲು ಮಕ್ಕಳು ಎಡವಿದ್ದರೆ ಪಾಠವನ್ನೋ ಪ್ರಶ್ನೆಯನ್ನೋ ಮತ್ತೆ ನೋಡಬೇಕು. ಆಮೇಲೆ ಎಡದಿಂದ ಬಲಕ್ಕೆ. ಅಲ್ಲಿ ಒಂದೊಂದೇ ಮಗು ಕಾಣಿಸುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಕತ್ತರಿ ಗುರುತು ಬಿದ್ದ ಪತ್ರಿಕೆಗಳನ್ನು ಮತ್ತೆ ತೆಗೆಸಿ. ನಾನು ಯಾವಾಗಲೂ ಬೋರ್ಡ್ ಮೇಲೆ ಬರೆಯುವ ಲೆಕ್ಕ ಇದು: 403ರಿಂದ 128 ಕಳೆಯಿರಿ. ಸರಿಯಾದ ಉತ್ತರ 275. ಒಂದು ಮಗು 325 ಅಂತ ಬರೆಯುತ್ತದೆ, ಇನ್ನೊಂದು 285 ಅಂತ. ಇಬ್ಬರಿಗೂ ಸೊನ್ನೆ ಅಂಕ. ಆದರೆ 325 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 3 ಹೋದರೆ 5, 2ರಲ್ಲಿ ಸೊನ್ನೆ ಹೋದರೆ 2, 4ರಲ್ಲಿ 1 ಹೋದರೆ 3. ಮೇಲಿನ ಸಂಖ್ಯೆಯಿಂದ ಕೆಳಗಿನದನ್ನು ಕಳೆಯಬೇಕು ಅನ್ನೋದೇ ಅದಕ್ಕೆ ಗಟ್ಟಿಯಾಗಿಲ್ಲ. 285 ಬರೆದ ಮಗುವಿಗೆ ಪಕ್ಕದ ಮನೆಯಿಂದ ಸಾಲ ತರೋದು ಗೊತ್ತು. ನೂರರ ಮನೆಯಿಂದ ಸಾಲ ತಂದಿದೆ, ಹತ್ತರ ಮನೆಯಲ್ಲಿ 10 ಇಟ್ಟಿದೆ, ಅದರಿಂದ ಒಂದನ್ನು ಬಿಡಿಗೆ ಕೊಟ್ಟ ಮೇಲೆ ಅಲ್ಲಿ 9 ಉಳಿಯುತ್ತದೆ ಅನ್ನೋದನ್ನು ಮರೆತಿದೆ. ಮೊದಲನೇ ಮಗುವಿಗೆ ಕಡ್ಡಿ, ಕಟ್ಟು ಹಿಡಿದು ಸ್ಥಾನಬೆಲೆಯಿಂದ ಹೇಳಿಕೊಡಬೇಕು. ಎರಡನೆಯದಕ್ಕೆ ಮಧ್ಯೆ ಸೊನ್ನೆ ಇರುವ ನಾಲ್ಕೈದು ಲೆಕ್ಕ ಮಾಡಿಸಿದರೆ ಆಯಿತು. ಇಬ್ಬರನ್ನೂ ಒಂದೇ ಪರಿಹಾರ ಬೋಧನೆಯಲ್ಲಿ ಕೂರಿಸಿದರೆ ಇಬ್ಬರ ಸಮಯವೂ ಹಾಳು. ಇದನ್ನು ನೋಡಿದಾಗ ಶಿಕ್ಷಕರು ತಾವಾಗಿಯೇ ತಮ್ಮ ಕಟ್ಟು ಬಿಚ್ಚಿ ಹುಡುಕಲು ಶುರು ಮಾಡುತ್ತಾರೆ. ಆ ಹೊತ್ತಿಗೆ ನೀವು ಸುಮ್ಮನಿದ್ದುಬಿಡಿ.

ಬೆಂಗಳೂರಿನಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಉರ್ದು, ತಮಿಳು, ತೆಲುಗು, ಹಿಂದಿ ಮಾತಾಡುವ ಮಕ್ಕಳು ಇರುತ್ತಾರೆ. ಒಂದು ಮಗುವಿನ ಸಾಲಿನಲ್ಲಿ ಅಂಕಿಯಲ್ಲೇ ಕೊಟ್ಟ ಲೆಕ್ಕಗಳಿಗೆಲ್ಲ ಗೀಟು, ವಾಕ್ಯದ ಲೆಕ್ಕಗಳಿಗೆಲ್ಲ ಸೊನ್ನೆ ಇದ್ದರೆ, ಮರುದಿನ ಅದೇ ಪ್ರಶ್ನೆಯನ್ನು ಶಿಕ್ಷಕರು ಗಟ್ಟಿಯಾಗಿ ಓದಿ ಹೇಳಲಿ. ಆಗ ಉತ್ತರ ಬಂದರೆ ಆ ಮಗುವಿಗೆ ಬೇಕಾಗಿರೋದು ಓದುವ ಅಭ್ಯಾಸ, ಗಣಿತದ ಪರಿಹಾರ ಬೋಧನೆ ಅಲ್ಲ.

ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಶಿಕ್ಷಕರಿಗೆ ಮೊದಲು ಮಾತಾಡಲು ಬಿಡಿ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಯಾವ ಮಗು ಕಲಿಕೆಯ ಯಾವ ಮೈಲಿಗಲ್ಲಿನಲ್ಲಿದೆ ಅಂತ ಪ್ರಗತಿ ನೋಟ ಅನ್ನೋ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಅಂದರೆ ಒಂದರಿಂದ ಮೂರನೇ ತರಗತಿಯ ಮೇಡಂಗಳಿಗೆ ಈ ಕೆಲಸ ಹೊಸದಲ್ಲ. ಅವರ ಅನುಭವ ಕೇಳಿದರೆ ಮಿಕ್ಕವರ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ.

ಶೇಕಡಾ ಲೆಕ್ಕದ ಬಗ್ಗೆ ಎಚ್ಚರ ಇರಲಿ. ತರಗತಿಯಲ್ಲಿ 20 ಮಕ್ಕಳಿದ್ದರೆ ಒಂದು ಮಗು ಅಂದರೆ ಶೇ. 5. ಇಬ್ಬರು ಮಕ್ಕಳಿಗೆ ಜ್ವರ ಬಂದಿದ್ದಕ್ಕೇ ಫಲಿತಾಂಶ ಶೇ. 10 ಬಿತ್ತು ಅನ್ನೋ ವರದಿ ತಯಾರಾಗಿಬಿಡುತ್ತದೆ. ತರಗತಿ ಮಟ್ಟದಲ್ಲಿ ತಲೆ ಎಣಿಸಿದರೆ ಸಾಕು.

ಹಾಜರಿ ಪುಸ್ತಕವನ್ನು ಅದೇ ಕೋಷ್ಟಕದ ಪಕ್ಕ ಇಡಿಸಿ. ಆ ಪಾಠ ನಡೆದ ವಾರ ಮಗು ಶಾಲೆಯಲ್ಲಿತ್ತಾ ಅಂತ ನೋಡಲಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಕೆಲಸ ಮುಗಿದ ಕೂಡಲೇ ಜಾಗ ಬದಲಿಸುತ್ತವೆ. ಸೋಮವಾರ ಮಾತ್ರ ತಪ್ಪಿಸುವ ಮಗುವಿನ ಕಥೆ ಬೇರೆ, ತಿಂಗಳುಗಟ್ಟಲೆ ಊರಿಗೆ ಹೋದ ಮಗುವಿನ ಕಥೆ ಬೇರೆ. ಶಾಲೆ ಬದಲಾದರೂ ಮಗುವಿನ ಸ್ಯಾಟ್ಸ್ ನಂಬರ್ ಅದೇ ಇರುತ್ತದೆ. ಅದನ್ನು ಪೋಷಕರ ಕೈಗೆ ಬರೆದುಕೊಟ್ಟು ಕಳಿಸಿದರೆ ಮುಂದಿನ ಶಾಲೆಯವರಿಗೆ ಎಷ್ಟೋ ಅನುಕೂಲ.

ತರಬೇತಿ ನಡೆಸುವವರಿಗೆ ಕಟ್ಟುನಿಟ್ಟಾಗಿ ಹೇಳುವ ಮಾತು: ಶಾಲೆಗಳ ಹೆಸರು ಬರೆದು ಯಾರು ಮೇಲೆ, ಯಾರು ಕೆಳಗೆ ಅಂತ ಪಟ್ಟಿ ಮಾಡಬೇಡಿ. ಅಂಕಿ ಇಟ್ಟುಕೊಂಡು ಬೈಯುತ್ತಾರೆ ಅಂತ ಅನಿಸಿದರೆ ಮುಂದಿನ ಸಲ ಚೆಂದದ ಅಂಕಿಗಳೇ ಬರುತ್ತವೆ, ಮಕ್ಕಳು ಇದ್ದಲ್ಲೇ ಇರುತ್ತಾರೆ. ಕೋಷ್ಟಕದ ಫೋಟೋ ವಾಟ್ಸ್ಆಪ್ ಗುಂಪಿಗೆ ಹೋಗಬಾರದು. ಕ್ರಮಸಂಖ್ಯೆ ಬರೆಸೋದು ಅದಕ್ಕೇ. ಮಕ್ಕಳ ಮಾಹಿತಿಗೆ ಹೆಚ್ಚಿನ ರಕ್ಷಣೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ.

ಎದ್ದು ಹೋಗುವ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ಮೂರು ಸಾಲು ಬರೆಯಲಿ: ಯಾವ ಮಕ್ಕಳು, ಯಾವ ಅಂಶ, ಮತ್ತೆ ಪರೀಕ್ಷಿಸುವ ದಿನ. ಪರೀಕ್ಷಿಸುವಾಗ ಅದೇ ಲೆಕ್ಕ ಕೊಡಬಾರದು, ಅದೇ ಥರದ್ದು ಕೊಡಬೇಕು. 602ರಿಂದ 347 ಕಳೆಯಲು ಹೇಳಿ. 345 ಬಂದರೆ ಹಳೆಯ ಮೊದಲನೇ ತಪ್ಪು, 265 ಬಂದರೆ ಎರಡನೆಯದು, 255 ಬಂದರೆ ಆ ಮಗುವನ್ನು ಪರಿಹಾರ ಬೋಧನೆಯ ಗುಂಪಿನಿಂದ ಬಿಡಬಹುದು. ಮುಂದಿನ ಸಮಾಲೋಚನಾ ಸಭೆಯ ಮೊದಲ ಅರ್ಧ ಗಂಟೆ ಈ ಚೀಟಿಗಳಿಗೇ ಮೀಸಲಿಡಿ. ಸುತ್ತೋಲೆ ಓದೋದು ಆಮೇಲೆ ಇದ್ದೇ ಇದೆ.