ಆನ್‌ಲೈನ್ ಸಾಲದ ಆ್ಯಪ್‌ನಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು?

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಿ ಬಂದ ದುಡ್ಡನ್ನು ನಮ್ಮಣ್ಣ ಇಂಥದೊಂದು ಆ್ಯಪ್‌ಗೆ, ಅಂದರೆ ನಮ್ಮ ದುಡ್ಡನ್ನು ಬೇರೆಯವರಿಗೆ ಬಡ್ಡಿಗೆ ಸಾಲ ಕೊಡಿಸುವ ಆ್ಯಪ್‌ಗೆ, ಹಾಕಿದ್ದರು. ವಾಪಸ್ ತೆಗೆಯಲು ಹೋದರೆ ವಾರಗಟ್ಟಲೆ ‘ಪ್ರಕ್ರಿಯೆಯಲ್ಲಿದೆ’ ಅಂತಲೇ ಬರುತ್ತಿತ್ತು.

ನಿಮಗೂ ಹೀಗಾದರೆ ಸಿಟ್ಟಲ್ಲಿ ಆ್ಯಪ್ ಡಿಲೀಟ್ ಮಾಡಬೇಡಿ. ಯಾರಿಗೆ ಎಷ್ಟು ಸಾಲ ಹೋಗಿದೆ ಅನ್ನೋ ಪಟ್ಟಿ, ಸಾಲದ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇವತ್ತೇ ಪ್ರಿಂಟ್ ತೆಗೆದಿಡಿ. ಯಾಕಂದ್ರೆ ಇಲ್ಲಿ ಸಾಲ ಕೊಟ್ಟವರು ನೀವು, ಕಂಪನಿ ಬರೀ ಮಧ್ಯವರ್ತಿ. ಕಂಪನಿ ಮೇಲೆ ಕೇಸ್ ಬಿತ್ತು ಅಂತ ಸಾಲ ತಗೊಂಡವರ ಬಾಕಿ ಅಳಿಸಿ ಹೋಗೋದಿಲ್ಲ.

ಆಮೇಲೆ ರಿಸರ್ವ್ ಬ್ಯಾಂಕ್ ವೆಬ್‌ಸೈಟ್‌ನಲ್ಲಿ ಕಂಪನಿಯ ನೋಂದಣಿ ಇದೆಯಾ ನೋಡಿ. ಇದ್ದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ, ಒಂದು ತಿಂಗಳಲ್ಲಿ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕ್‌ಗೆ ಹೋಗಿ. ನೋಂದಣಿಯೇ ಇಲ್ಲದಿದ್ದರೆ ಅಂಥ ಕಂಪನಿಗಳ ಮೇಲೆ ದೂರು ಕೊಡಲು ರಿಸರ್ವ್ ಬ್ಯಾಂಕ್ ಮಾಡಿರುವ ‘ಸಚೇತ್’ ಪೋರ್ಟಲ್‌ನಲ್ಲಿ ದೂರು ಕೊಡಿ, ಜೊತೆಗೆ ಪೊಲೀಸ್ ದೂರೂ ಕೊಡಿ. ‘ಯಾವಾಗ ಬೇಕಾದರೂ ವಾಪಸ್’ ಅಂದಿದ್ದ ಜಾಹೀರಾತಿನ ಸ್ಕ್ರೀನ್‌ಶಾಟ್ ಇದ್ದರೆ ಖಂಡಿತ ಲಗತ್ತಿಸಿ, ಹಾಗೆ ಆಸೆ ತೋರಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲೇ ಸ್ಪಷ್ಟವಾಗಿ ಹೇಳಿದೆ.

‘ದುಡ್ಡು ಬಿಡಿಸಿಕೊಡ್ತೀವಿ, ಮೊದಲು ಫೀಸ್ ಕಟ್ಟಿ’ ಅಂತ ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿನೂ ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.