ಹಳೇ ಬೈಕಿಗೆ ವಾಲ್ವ್ ಕವರ್ ಗ್ಯಾಸ್ಕೆಟ್ ತಗೊಳ್ಳುವ ಮುಂಚೆ
ಎಂಜಿನ್ನಿನ ಮೇಲ್ಭಾಗ ಅಂದರೆ ಹೆಡ್. ಅದರಲ್ಲಿರುವ ವಾಲ್ವ್‌ಗಳನ್ನು ಮುಚ್ಚುವುದು ವಾಲ್ವ್ ಕವರ್, ಎರಡರ ನಡುವೆ ಆಯಿಲ್ ಸೋರದಂತೆ ಕೂರುವ ಪಟ್ಟಿಯೇ ಗ್ಯಾಸ್ಕೆಟ್. ಅಲ್ಲಿ ಆಯಿಲ್ ಜಿನುಗಿದರೆ ಎಲ್ಲರೂ ಮೊದಲು ಮಾಡುವುದು ಕವರಿನ ಬೋಲ್ಟ್ ಬಿಗಿ ಮಾಡುವ ಕೆಲಸ. ನಾನೂ ಮಾಡಿದ್ದೆ. ಒಂದು ಥ್ರೆಡ್ ಹೋಯಿತೇ ಹೊರತು ಆಯಿಲ್ ನಿಲ್ಲಲಿಲ್ಲ.

ಬಿಚ್ಚಿದ ಗ್ಯಾಸ್ಕೆಟ್ ಬಿಸಾಡಬೇಡಿ. ರಬ್ಬರಿನದಾದರೆ ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದು ಮತ್ತೆ ಮಾಯವಾದರೆ ಅದಕ್ಕಿನ್ನೂ ಜೀವ ಇದೆ. ಪ್ಲಾಸ್ಟಿಕ್ ತರ ಗಟ್ಟಿಯಾಗಿ, ಚಪ್ಪಟೆಯಾಗಿದ್ದರೆ ಅದರ ಕಥೆ ಮುಗಿಯಿತು. ಹೊಸದನ್ನು ಹಳೆಯದರ ಪಕ್ಕ ಇಟ್ಟು ಆಕಾರ, ದಪ್ಪ ಎರಡನ್ನೂ ತಾಳೆ ನೋಡಿ. ಒಂದೇ ಮಾಡೆಲ್ ಆದರೂ ವರ್ಷ ಬದಲಾದಾಗ ಕವರ್ ಬದಲಾಗಿರಬಹುದು. ಹಾಗಾಗಿ ಎಂಜಿನ್ ನಂಬರ್ ಹೇಳಿಯೇ ತಗೊಳ್ಳಿ.

ಕವರಿನ ಅಂಚಿನಲ್ಲಿ ಗ್ಯಾಸ್ಕೆಟ್ ಕೂರಲು ಕಾಲುವೆ ತರ ತೋಡು ಇದ್ದರೆ ರಬ್ಬರೇ ಬೇಕು. ಸಪಾಟಾಗಿದ್ದರೆ ಸಾಮಾನ್ಯವಾಗಿ ಕಾರ್ಕ್ ಅಥವಾ ಪೇಪರ್. ಕಾರ್ಕ್ ಜಾಸ್ತಿ ಬಿಗಿಯಾದರೆ ಪಕ್ಕಕ್ಕೆ ಉಬ್ಬಿ ಸೀಳುತ್ತದೆ.

ಬಹಳ ಜನ ಮರೆಯುವುದು ಬೋಲ್ಟಿನ ಕೆಳಗಿನ ರಬ್ಬರ್ ವಾಷರ್. ಕೆಲವು ಎಂಜಿನ್‌ಗಳಲ್ಲಿ ಬೋಲ್ಟ್ ಒಂದು ಮಟ್ಟಕ್ಕೆ ಇಳಿದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಕವರನ್ನು ಒತ್ತಿ ಹಿಡಿಯುವುದು ಈ ವಾಷರೇ. ಅದು ಗಟ್ಟಿಯಾಗಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿಯೂ ಪ್ರಯೋಜನ ಇಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿ.

ಸುತ್ತಲೂ ಸೀಲೆಂಟ್ (ಸಂದು ಮುಚ್ಚುವ ಅಂಟು) ಬಳಿಯಬೇಡಿ, ಒಳಗೆ ಉದುರಿದ ಚೂರು ಆಯಿಲ್ ದಾರಿ ಕಟ್ಟಬಹುದು. ಗ್ಯಾಸ್ಕೆಟ್ ಕೂರುವ ಅಂಚು ಅರ್ಧಚಂದ್ರದ ಆಕಾರದಲ್ಲಿ ತಿರುಗುವ ಮೂಲೆಗಳಿದ್ದರೆ ಅಲ್ಲಿ ಮಾತ್ರ ಒಂದು ತೊಟ್ಟು ಸಾಕು. ಬಿಗಿ ಮಾಡುವುದು ಎಂಜಿನ್ ತಣ್ಣಗಿದ್ದಾಗ, ಎದುರುಬದುರಾಗಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ, ಅಂದರೆ ಬೋಲ್ಟ್ ತಿರುಗಿಸುವ ಬಲದ ಅಳತೆಗೆ. 6 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ಅಷ್ಟೇ.