ಲಿಥಿಯಂ ಸೇವಿಸುವವರ ವ್ಯಾಯಾಮಕ್ಕೆ ಕೆಲವು ಎಚ್ಚರಿಕೆಗಳು

ಬೈಪೋಲಾರ್ (ಮನಸ್ಸು ಖಿನ್ನತೆಗೂ ಉನ್ಮಾದಕ್ಕೂ, ಅಂದರೆ ಅತಿಯಾದ ಉತ್ಸಾಹಕ್ಕೂ, ತೂಗಾಡುವ ಕಾಯಿಲೆ) ಇರುವವರಿಗೆ ‘ದಿನವೂ ವ್ಯಾಯಾಮ ಮಾಡಿ’ ಎನ್ನುವವರು ಬಹಳ. ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ನುಂಗಿ ಬಿಸಿಲಿನಲ್ಲಿ ಓಡಿದರೆ ಏನಾಗುತ್ತದೆ ಎಂದು ಹೇಳುವವರು ಕಡಿಮೆ. ಬೆವರಿನಲ್ಲಿ ನೀರು, ಉಪ್ಪು ಹೋದಾಗ ಮೂತ್ರಪಿಂಡಗಳು ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತದಲ್ಲಿ ಅದರ ಮಟ್ಟ ಏರಬಹುದು. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆಯವರು ಬಿಸಿಲೇರುವ ಮೊದಲೇ ನಡಿಗೆ ಮುಗಿಸಿ. ನೀರಿನ ಬಾಟಲಿ ಜೊತೆಗಿರಲಿ. ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಉಪ್ಪನ್ನು ದಿಢೀರನೆ ಬಿಡಬೇಡಿ. ಮೈಕೈ ನೋವಿಗೆ ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಬೇಡ, ಅದೂ ಮಟ್ಟ ಏರಿಸುತ್ತದೆ. ಕೈನಡುಕ ಹೆಚ್ಚಿದರೆ, ವಾಂತಿಭೇದಿಯಾದರೆ ಅಥವಾ ಹೆಜ್ಜೆ ತೂರಾಡಿದರೆ ಅದು ಲಿಥಿಯಂ ಮಿತಿಮೀರಿದ ಲಕ್ಷಣವಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಖಿನ್ನತೆಯ ದಿನಗಳಲ್ಲಿ ಬೀದಿಯ ಕೊನೆಯವರೆಗೆ ಹೋಗಿಬಂದರೂ ಲೆಕ್ಕಕ್ಕುಂಟು. ನನಗೆ ಹೆಚ್ಚು ಆತಂಕ ಇನ್ನೊಂದು ತುದಿಯದು: ನಾಲ್ಕೇ ಗಂಟೆ ಮಲಗಿದರೂ ದಣಿವಿಲ್ಲ, ರಾತ್ರಿ ಹತ್ತಕ್ಕೆ ಜಿಮ್‌ಗೆ ಹೊರಡುವ ಉತ್ಸಾಹ. ಮನೆಯವರು ಇದನ್ನು ಕಂಡು ಸಂತೋಷಪಡುವುದೂ ಉಂಟು! ಅದು ಉನ್ಮಾದದ ಮುನ್ಸೂಚನೆಯಾಗಿರಬಹುದು. ಆಗ ವ್ಯಾಯಾಮ ತಗ್ಗಿಸಿ, ಸಂಜೆಯ ನಂತರವಂತೂ ಬೇಡ, ವೈದ್ಯರಿಗೆ ಕರೆ ಮಾಡಿ. ಹೊತ್ತಲ್ಲದ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು.